ಸೇಡಿಗೆ ಹೆದರಿದವರು

ಸುರಿನಾಮ್ ಅಂತ ಒಂದು ದೇಶ ಇದೆ ಅಂತ ನನಗೆ ಗೊತ್ತಾಗಿದ್ದೇ ಫುಟ್‌ಬಾಲಿನಿಂದ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕೂತು ಫುಟ್‌ಬಾಲ್ ಆಡುತ್ತಿದ್ದ ಕಾಲ. ಕನ್ನಡಕ ಹಾಕಿಕೊಂಡು ಓಡುವ ಎಡ್ಗರ್ ಡೇವಿಡ್ಸ್, ಆಮೇಲೆ ಕ್ಲಾರೆನ್ಸ್ ಸೀಡಾರ್ಫ್. ಇಬ್ಬರೂ ಹಾಲೆಂಡಿನ ಪರ ಆಡಿದವರು, ಹುಟ್ಟಿದ್ದು ಮಾತ್ರ ದಕ್ಷಿಣ ಅಮೆರಿಕದ ಪರಮಾರಿಬೊದಲ್ಲಿ. ಆಫ್ರಿಕಾದವರಂತೆ ಕಾಣುವ ಜನ ದಕ್ಷಿಣ ಅಮೆರಿಕದಲ್ಲಿ ಹುಟ್ಟಿ ಯುರೋಪಿನ ಒಂದು ದೇಶದ ಜರ್ಸಿ ಯಾಕೆ ಹಾಕಿಕೊಂಡಿದ್ದಾರೆ ಅಂತ ಯೋಚನೆ ಮಾಡುವ ವಯಸ್ಸಲ್ಲ ಅದು. ಗೋಲು ಹೊಡೆದರೆ ಸಾಕಿತ್ತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೋದ ವರ್ಷ, ಆಫೀಸ್ ಕ್ಯಾಬಿನಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ಮನುಷ್ಯ ಒಂದು ಕಾದಂಬರಿ ಮುಗಿಸಬಹುದು ಅಂತ ನಾವು ತಮಾಷೆ ಮಾಡುತ್ತೇವಲ್ಲ, ನಾನು ನಿಜವಾಗಿಯೂ ಮುಗಿಸಿದೆ. ಮೂರು ದಿನ, ಹೋಗ್ತಾ ಬರ್ತಾ. ಕಾಪಿರೈಟ್ ಮುಗಿದು ಶತಮಾನಗಳೇ ಆಗಿರುವುದರಿಂದ ಫೋನಿಗೆ ಪುಕ್ಕಟೆ ಸಿಗುತ್ತದೆ. ಪುಸ್ತಕದ ಹೆಸರು ‘ಒರೂನೋಕೊ’, ಬರೆದವಳು ಅಫ್ರಾ ಬೆನ್, ಅಚ್ಚಾಗಿದ್ದು 1688ರಲ್ಲಿ. ಇಂಗ್ಲಿಷಿನಲ್ಲಿ ಕಾದಂಬರಿ ಅನ್ನುವ ಪ್ರಕಾರ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರದ ಕಾಲ. ನಾವು ಶಾಲೆಯಲ್ಲಿ ಸಂಕ್ಷಿಪ್ತ ಮಾಡಿ ಓದಿದ ‘ರಾಬಿನ್ಸನ್ ಕ್ರೂಸೊ’ ಬರುವುದು ಇದಾದ 31 ವರ್ಷಕ್ಕೆ.

ಅಫ್ರಾ ಬೆನ್ ಹೆಂಗಸೇ ಒಂದು ಕಾದಂಬರಿಯ ಹಾಗಿದ್ದಾಳೆ. ಎರಡನೇ ಚಾರ್ಲ್ಸ್ ರಾಜನಿಗೋಸ್ಕರ ಆಂಟ್‌ವರ್ಪಿನಲ್ಲಿ ಗೂಢಚಾರಿಕೆ ಮಾಡಿದಳು, ದುಡ್ಡು ಸರಿಯಾಗಿ ಬರದೆ ಸಾಲದಲ್ಲಿ ಸಿಕ್ಕಿಕೊಂಡಳು, ಆಮೇಲೆ ಲಂಡನ್ನಿನ ರಂಗಭೂಮಿಗೆ ನಾಟಕ ಬರೆದು ಹೊಟ್ಟೆ ಹೊರೆದಳು. ಬರವಣಿಗೆಯಿಂದಲೇ ಬದುಕಿದ ಇಂಗ್ಲಿಷ್ ಹೆಂಗಸರಲ್ಲಿ ಮೊದಮೊದಲಿನವಳು. 1660ರ ದಶಕದ ಶುರುವಿನಲ್ಲಿ ಅವಳು ಸುರಿನಾಮಿಗೆ ಹೋಗಿದ್ದಳು ಅಂತ ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಆಗ ಅದು ಇಂಗ್ಲಿಷರ ವಸಾಹತು, ಕಬ್ಬಿನ ತೋಟಗಳ ನಾಡು. 1667ರಲ್ಲಿ ಬ್ರೆಡಾ ಒಪ್ಪಂದದ ಪ್ರಕಾರ ಸುರಿನಾಮ್ ಡಚ್ಚರಿಗೆ ಹೋಯಿತು, ನ್ಯೂಯಾರ್ಕ್ ಇಂಗ್ಲಿಷರ ಹತ್ತಿರ ಉಳಿಯಿತು. ಸೀಡಾರ್ಫ್ ಯಾಕೆ ಕಿತ್ತಳೆ ಜರ್ಸಿ ಹಾಕಿಕೊಂಡ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ಕಥೆಯೊಳಗಿದೆ.

ಕಥೆ ಶುರುವಾಗುವುದು ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಇವತ್ತಿನ ಘಾನಾದ ಕರಾವಳಿಯಲ್ಲಿ. ಒರೂನೋಕೊ ಅಲ್ಲಿಯ ರಾಜಕುಮಾರ, ಸೇನಾಪತಿ. ಇಮೋಯಿಂಡಾ ಅನ್ನುವವಳನ್ನು ಪ್ರೀತಿಸುತ್ತಾನೆ. ಅವನ ತಾತ, ನೂರು ದಾಟಿದ ಮುದುಕ ರಾಜ, ಅವಳ ಮೇಲೆ ಕಣ್ಣು ಹಾಕಿ ಮುಸುಕು ಕಳಿಸುತ್ತಾನೆ. ರಾಜನ ಮುಸುಕು ಬಂತು ಅಂದರೆ ಅಂತಃಪುರಕ್ಕೆ ಹೋಗಲೇಬೇಕು. ಮೊಮ್ಮಗ ಗುಟ್ಟಾಗಿ ಅವಳನ್ನು ನೋಡಲು ಹೋಗಿ ಸಿಕ್ಕಿಬೀಳುತ್ತಾನೆ. ರಾಜ ಅವಳನ್ನು ಗುಲಾಮಳಾಗಿ ಮಾರಿಬಿಟ್ಟು, ಸತ್ತುಹೋದಳು ಅಂತ ಮೊಮ್ಮಗನಿಗೆ ಸುಳ್ಳು ಹೇಳುತ್ತಾನೆ. ಇಷ್ಟು ನಮ್ಮ ಹಳ್ಳಿಯ ಕಂಪನಿ ನಾಟಕಕ್ಕೂ ಆದೀತು.

ಆಮೇಲೆ ಬರುತ್ತಾನೆ ಇಂಗ್ಲಿಷ್ ಹಡಗಿನ ಕ್ಯಾಪ್ಟನ್. ಒರೂನೋಕೊನಿಗೆ ಹಳೇ ಪರಿಚಯ. ಯಾಕೆ ಪರಿಚಯ ಅಂದರೆ, ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಒರೂನೋಕೊ ಇವನಿಗೇ ಮಾರುತ್ತಿದ್ದ. ಗಿರಾಕಿ, ಸ್ನೇಹಿತ ಎರಡೂ. ಕ್ಯಾಪ್ಟನ್ ಅವನನ್ನು ಹಡಗಿಗೆ ಊಟಕ್ಕೆ ಕರೆದು, ಚೆನ್ನಾಗಿ ಕುಡಿಸಿ, ಪರಿವಾರದ ಸಮೇತ ಸಂಕೋಲೆ ಹಾಕಿಬಿಡುತ್ತಾನೆ. ಸೆರೆಯಾದವರು ಅನ್ನ ನೀರು ಬಿಡುತ್ತಾರೆ. ಸರಕು ಹಾಳಾಗುತ್ತಲ್ಲ ಅಂತ ಕ್ಯಾಪ್ಟನ್ನಿಗೆ ಗಾಬರಿ. ಮುಂದಿನ ದಡದಲ್ಲಿ ಬಿಟ್ಟುಬಿಡುತ್ತೇನೆ ಅಂತ ಮಾತು ಕಳಿಸುತ್ತಾನೆ. ಹಾಗಾದರೆ ಸಂಕೋಲೆ ಬಿಚ್ಚು, ನಾನೂ ತೊಂದರೆ ಕೊಡಲ್ಲ ಅಂತ ಮಾತು ಕೊಡ್ತೀನಿ ಅನ್ನುತ್ತಾನೆ ಒರೂನೋಕೊ. ಕ್ಯಾಪ್ಟನ್ನಿಗೆ ಸಂಶಯ: ನಮ್ಮ ದೇವರನ್ನೇ ನಂಬದವನ ಆಣೆಯನ್ನು ಹೇಗೆ ನಂಬೋದು? ಒರೂನೋಕೊ ಕೊಡುವ ಉತ್ತರದ ತಾತ್ಪರ್ಯ ಇಷ್ಟು: ಮಾತು ತಪ್ಪಿದವನಿಗೆ ಸತ್ತ ಮೇಲೆ ಆಗುವ ಶಿಕ್ಷೆ ಯಾರಿಗೂ ಕಾಣಲ್ಲ, ಆದರೆ ಮರ್ಯಾದೆ ಕಳೆದುಕೊಂಡವನು ಬದುಕಿರುವಾಗಲೇ ದಿನಾ ಸಾಯುತ್ತಾನೆ. ಕ್ಯಾಪ್ಟನ್ ಸಂಕೋಲೆ ಬಿಚ್ಚಿಸುತ್ತಾನೆ. ಸುರಿನಾಮಿನ ದಡ ಬಂದ ಕೂಡಲೇ ಮಾರಿ, ದುಡ್ಡು ಎಣಿಸಿಕೊಂಡು ಹೋಗುತ್ತಾನೆ.

ಇಲ್ಲಿಯವರೆಗೆ ಓದಿದಾಗ ಕ್ಯಾಬಿನಲ್ಲಿ ನನಗೆ ಮೈ ಉರಿದಿತ್ತು. ನಾನು ಪೂರ್ತಿ ಒರೂನೋಕೊನ ಪಕ್ಷ. ಮುಂದಿನ ಪುಟಗಳು ನನ್ನನ್ನು ಹಿಡಿದು ಅಲ್ಲಾಡಿಸಿದವು.

ಸುರಿನಾಮಿನಲ್ಲಿ ಅವನನ್ನು ಟ್ರೆಫ್ರಿ ಎಂಬ ಸಭ್ಯ ಮನುಷ್ಯ ಕೊಂಡುಕೊಳ್ಳುತ್ತಾನೆ, ಸೀಸರ್ ಅಂತ ಹೊಸ ಹೆಸರು ಇಡುತ್ತಾನೆ. ತೋಟಕ್ಕೆ ಕಾಲಿಟ್ಟಾಗ ಅಲ್ಲಿನ ಗುಲಾಮರೆಲ್ಲ ಹೊರಗೆ ಬಂದು ನೋಡುತ್ತಾರೆ. ಗುರುತು ಹಿಡಿಯುತ್ತಾರೆ. ಯಾಕೆಂದರೆ ಅವರಲ್ಲಿ ಹೆಚ್ಚಿನವರನ್ನು ಮಾರಿದವನು ಇವನೇ! ಅವರು ಏನು ಮಾಡಬೇಕಿತ್ತು? ನಾನಾಗಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ ಅಂತ ಸುಲಭವಾಗಿ ಹೇಳಿಬಿಡಬಹುದು. ಅಫ್ರಾ ಬೆನ್ ಬರೆಯುವ ಪ್ರಕಾರ ಅವರು ಅವನ ಕಾಲಿಗೆ ಬೀಳುತ್ತಾರೆ, ರಾಜ ಬಾಳಲಿ ಅಂತ ಕೂಗುತ್ತಾರೆ. ಅವಳಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ರಾಜ ಅಂದರೆ ರಾಜ, ಎಲ್ಲಿದ್ದರೂ ಹೊಳೆಯುತ್ತಾನೆ ಅನ್ನುವುದಕ್ಕೆ ಸಾಕ್ಷಿ ಅನ್ನುವ ಹಾಗೆ ಬರೆದು ಮುಂದೆ ಹೋಗಿಬಿಡುತ್ತಾಳೆ. ಇನ್ನೂ ಸ್ವಲ್ಪ ಮುಂದೆ, ಅದೇ ಊರಿನಲ್ಲಿ ಬೇರೆ ಹೆಸರಿನಲ್ಲಿದ್ದ ಇಮೋಯಿಂಡಾ ಸಿಕ್ಕಿ, ಮದುವೆಯಾಗಿ, ಅವಳು ಬಸುರಿಯಾದಾಗ, ಒರೂನೋಕೊ ಬಿಡುಗಡೆಗೆ ಚೌಕಾಸಿ ಮಾಡುತ್ತಾನೆ. ನಮ್ಮಿಬ್ಬರನ್ನು ಬಿಡಿ, ಬದಲಿಗೆ ಚಿನ್ನ ಕೊಡುತ್ತೇನೆ, ಇಲ್ಲಾಂದ್ರೆ ರಾಶಿ ಗುಲಾಮರನ್ನು ತರಿಸಿಕೊಡುತ್ತೇನೆ ಅನ್ನುತ್ತಾನೆ.

ಈ ಸಾಲನ್ನು ಎರಡು ಸಲ ಓದಿದೆ. ಸಂಕೋಲೆಯ ರುಚಿ ಕಂಡವನು, ಮೋಸದ ರುಚಿ ಕಂಡವನು, ತನ್ನ ಬಿಡುಗಡೆಗೆ ಬೆಲೆಯಾಗಿ ಬೇರೆಯವರ ಸಂಕೋಲೆಯನ್ನೇ ಮುಂದಿಡುತ್ತಾನೆ. ಅವನಿಗೆ ಗುಲಾಮಗಿರಿ ತಪ್ಪು ಅನ್ನಿಸಿಲ್ಲ. ತನ್ನಂಥವನು ಗುಲಾಮನಾಗಿದ್ದು ತಪ್ಪು ಅನ್ನಿಸಿದೆ. ಪುಸ್ತಕದ ಪೂರ್ತಿ ಹೆಸರೇ ರಾಜ ಗುಲಾಮನ ನಿಜವಾದ ಚರಿತ್ರೆ ಅಂತ. ಗುಲಾಮ ಅನ್ನುವುದಕ್ಕಲ್ಲ, ಅದರ ಹಿಂದಿರುವ ರಾಜ ಅನ್ನುವುದಕ್ಕೆ ಅಳು. ಅವನ ಚಂದವನ್ನು ಹೊಗಳುವಾಗ ಕೂಡ ಅವಳು, ಅವನ ಮೂಗು ಬೇರೆ ಆಫ್ರಿಕನ್ನರಂತಲ್ಲ, ರೋಮನ್ನರಂತಿತ್ತು ಅಂತ ಸೇರಿಸುತ್ತಾಳೆ. ಹೊಗಳಿಕೆ ಒಬ್ಬನಿಗೆ, ಅವಮಾನ ಒಂದು ಖಂಡಕ್ಕೆ.

ಇದನ್ನು ಇಂಗ್ಲಿಷರ ಜಾಯಮಾನ ಅಂತ ತಳ್ಳಿಹಾಕಲು ನಮಗೆ ಹಕ್ಕಿಲ್ಲ. ರಾಘವಾಂಕನ ಹರಿಶ್ಚಂದ್ರನನ್ನು ನೆನೆಸಿಕೊಳ್ಳಿ. ಹೆಂಡತಿ ಮಗನನ್ನು ಮಾರಿ, ತನ್ನನ್ನೂ ಮಾರಿಕೊಂಡು, ವೀರಬಾಹುಕನ ಆಳಾಗಿ ಸುಡುಗಾಡು ಕಾಯುತ್ತಾನೆ. ಎಂಟು ಶತಮಾನದಿಂದ ಕನ್ನಡಿಗರು ಅಳುತ್ತಲೇ ಇದ್ದೇವೆ. 1965ರ ರಾಜ್‌ಕುಮಾರ್ ಸಿನಿಮಾ ಟೀವಿಯಲ್ಲಿ ಬಂದಾಗಲೆಲ್ಲ ನಮ್ಮಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಯೋಧ್ಯೆಯ ದೊರೆಗೆ ಎಂಥ ಗತಿ ಬಂತು! ಆದರೆ ಅದೇ ಸುಡುಗಾಡನ್ನು ಹುಟ್ಟಿನಿಂದ ಸಾವಿನ ತನಕ ಕಾಯುವವರು ಇದ್ದರಲ್ಲ, ಅವರದ್ದು ದುರಂತವಲ್ಲ, ಅದು ಬರೀ ಕಸುಬು. ದುರಂತ ಆಗಬೇಕಾದರೆ ಬೀಳಬೇಕು, ಬೀಳಬೇಕಾದರೆ ಮೊದಲು ಎತ್ತರದಲ್ಲಿರಬೇಕು. ಕೆಳಗೇ ಹುಟ್ಟಿದವನು ಬೀಳುವುದೆಲ್ಲಿಗೆ?

ಕ್ರೂಸೊನದ್ದು ಇನ್ನೂ ಮಜಾ. ಅವನ ಹಡಗು ಒಡೆದಿದ್ದು ಯಾವ ಪ್ರಯಾಣದಲ್ಲಿ ಅಂತ ನಮ್ಮ ಮೇಷ್ಟ್ರು ಹೇಳಿರಲಿಲ್ಲ. ಬ್ರೆಜಿಲ್ಲಿನಲ್ಲಿ ತೋಟ ಮಾಡಿಕೊಂಡಿದ್ದವನು ಆಫ್ರಿಕಾಗೆ ಗುಲಾಮರನ್ನು ತರಲು ಹೊರಟಿದ್ದ. ಅದಕ್ಕೂ ಮುಂಚೆ, ತಾನೇ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದಾಗ ಜೊತೆಗಿದ್ದ ಕ್ಸೂರಿ ಎಂಬ ಹುಡುಗನನ್ನು ಪೋರ್ಚುಗೀಸ್ ಕ್ಯಾಪ್ಟನ್ನಿಗೆ 60 ಬೆಳ್ಳಿ ನಾಣ್ಯಕ್ಕೆ ಕೊಟ್ಟುಬಿಡುತ್ತಾನೆ. ಮುಂದೆ ತೋಟದಲ್ಲಿ ಕೆಲಸಕ್ಕೆ ಜನ ಸಾಲದಾದಾಗ ಒಮ್ಮೆ, ಆ ಹುಡುಗನನ್ನು ಕೊಡಬಾರದಿತ್ತು ಅಂತ ಪೇಚಾಡುತ್ತಾನೆ. ಕ್ಸೂರಿಯ ಕಥೆ ಏನಾಯಿತು? ಡೀಫೋಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಫ್ರಾ ಬೆನ್ ಕೊನೇ ಪಕ್ಷ ಒಬ್ಬ ಗುಲಾಮನ ಹಿಂದೆ ಕೊನೆಯವರೆಗೂ ಹೋಗಿದ್ದಾಳೆ. ಅವನು ರಾಜನಾದ್ದರಿಂದ ಹೋಗಿದ್ದಾಳೆ, ನಿಜ. ಆದರೂ ಹೋಗಿದ್ದಾಳೆ. ಹಾಗೆ ಹೋದಾಗ, ತಾನು ಹೇಳಬೇಕು ಅಂದುಕೊಂಡಿರದ ಒಂದು ವಿಷಯವನ್ನು ಹೇಳಿಬಿಟ್ಟಿದ್ದಾಳೆ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಅದಕ್ಕೋಸ್ಕರ.

ಕಥೆಯಲ್ಲಿ ಅವಳೂ ಒಂದು ಪಾತ್ರ. ಸೀಸರನಿಗೆ ಸ್ನೇಹಿತೆ, ರೋಮನ್ನರ ಕಥೆ ಹೇಳುವವಳು, ಒಟ್ಟಿಗೆ ಊಟ, ಒಟ್ಟಿಗೆ ಹುಲಿ ಬೇಟೆ, ನದಿಯಲ್ಲಿ ಕರೆಂಟ್ ಹೊಡೆಯುವ ಹಾವುಮೀನು ನೋಡಲು ಹೋಗುವುದು. ಅವನಿಂದ ಯಾರೂ ಕೆಲಸ ಮಾಡಿಸುತ್ತಿರಲಿಲ್ಲ, ಹೆಸರಿಗಷ್ಟೇ ಗುಲಾಮ ಅಂತ ಮತ್ತೆ ಮತ್ತೆ ಹೇಳುತ್ತಾಳೆ. ಗವರ್ನರ್ ಬಂದ ಮೇಲೆ ಬಿಡುಗಡೆ ಖಂಡಿತ ಅಂತ ಎಲ್ಲರೂ ಅವನಿಗೆ ಭರವಸೆ ಕೊಡುತ್ತಿರುತ್ತಾರೆ. ಗವರ್ನರ್ ಬರುವುದೇ ಇಲ್ಲ. ಆದರೆ ಅದೇ ಹೊತ್ತಿಗೆ, ಅವನ ಮೇಲೆ ಒಂದು ಕಣ್ಣಿಡಬೇಕು, ಮನಸ್ಸು ಬೇರೆ ಕಡೆ ಹರಿಯದಂತೆ ಮಾತಾಡಿಸುತ್ತಿರಬೇಕು ಅನ್ನುವ ಜವಾಬ್ದಾರಿಯನ್ನೂ ಅವಳಿಗೆ ವಹಿಸಿರುತ್ತಾರೆ. ಅವಳು ಅದನ್ನು ಮಾಡುತ್ತಾಳೆ, ಮಾಡಿದೆ ಅಂತ ನಮಗೂ ಹೇಳುತ್ತಾಳೆ. ಆಂಟ್‌ವರ್ಪಿಗೆ ಹೋಗುವುದಕ್ಕೆ ಮುಂಚೆಯೇ ಗೂಢಚಾರಿಕೆ ಕಲಿತಿದ್ದಳು ಅನ್ನಿಸುತ್ತದೆ.

ಮಗು ಹುಟ್ಟಿದರೆ ಅದೂ ಗುಲಾಮನೇ ಅಂತ ಅರಿವಾದಾಗ ಒರೂನೋಕೊ ದಂಗೆಯೇಳುತ್ತಾನೆ. ಒಂದು ಭಾನುವಾರ ಬಿಳಿಯರೆಲ್ಲ ಕುಡಿದು ಮೈಮರೆತಾಗ ಗುಲಾಮರನ್ನು ಸೇರಿಸಿ ಮಾತಾಡುತ್ತಾನೆ. ಇವರೇನು ನಮ್ಮನ್ನು ಯುದ್ಧದಲ್ಲಿ ಗೆದ್ದರಾ? ಕೋತಿಗಳ ಹಾಗೆ ಕೊಂಡು ತಂದಿದ್ದಾರೆ ಅಷ್ಟೇ, ಅಂತ. ಗಮನಿಸಿ, ಇಲ್ಲೂ ಅವನ ವಾದ ಹಳೆಯದೇ. ಗೆದ್ದವನಿಗೆ ಮಾರುವ ಹಕ್ಕಿದೆ, ಇವರು ಗೆದ್ದಿಲ್ಲ ಅಂತ. ಆದರೂ ಮಾತು ಒಮ್ಮೆ ಬಾಯಿಂದ ಹೊರಬಿದ್ದರೆ ಅದು ಆಡಿದವನ ಅಳತೆಗೇ ನಿಲ್ಲುವುದಿಲ್ಲ. ಕೇಳುತ್ತಿದ್ದವರಲ್ಲಿ ಅವನೇ ಗೆದ್ದು ಮಾರಿದವರೂ ಇದ್ದರು. ಅವರು ಆ ಮಾತನ್ನು ಹೇಗೆ ಕೇಳಿಸಿಕೊಂಡರೋ. ಅಂತೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟರು, ಕಾಡಿನೊಳಗೆ.

ಈಗ ಆ ಘಳಿಗೆ. ಗುಲಾಮರು ಹೋದರು ಅಂತ ಸುದ್ದಿ ಬಂದ ಕೂಡಲೇ ತೋಟದ ಹೆಂಗಸರೆಲ್ಲ ನದಿಯಲ್ಲಿ ಕೆಳಗಡೆಗೆ, ಸುರಕ್ಷಿತ ಜಾಗಕ್ಕೆ ಓಡುತ್ತಾರೆ. ಸೀಸರ್ ವಾಪಸ್ ಬಂದು ನಮ್ಮೆಲ್ಲರ ಕುತ್ತಿಗೆ ಕೊಯ್ಯುತ್ತಾನೆ ಅನ್ನುವ ಭಯ. ಓಡಿದವರಲ್ಲಿ ಬರೆಯುವವಳೂ ಒಬ್ಬಳು. ನಿನ್ನೆಯವರೆಗೆ ಒಟ್ಟಿಗೆ ಕೂತು ಉಂಡವನು, ಸ್ನೇಹಿತ, ಸಜ್ಜನ, ರೋಮನ್ನರಂಥವನು. ಅವನಿಗೆ ಯಾವ ಕೊರತೆಯೂ ಇರಲಿಲ್ಲ ಅಂತ ನೀನೇ ತಾನೇ ಹೇಳಿದ್ದು? ಮತ್ತೆ ಕುತ್ತಿಗೆ ಯಾಕೆ ಕೊಯ್ಯುತ್ತಾನೆ?

ಬಾಯಿ ಒಂದು ಹೇಳುತ್ತಿತ್ತು, ಕಾಲಿಗೆ ನಿಜ ಗೊತ್ತಿತ್ತು. ಚೆನ್ನಾಗಿ ನೋಡಿಕೊಂಡಿದ್ದೇವೆ ಅನ್ನುವ ಯಜಮಾನನಿಗೆ ಸೇಡಿನ ಭಯ ಎಲ್ಲಿಂದ ಬಂತು? ಸಾಲ ಇಲ್ಲದವನು ಸಾಲಗಾರನಿಗೆ ಹೆದರುತ್ತಾನಾ? ಸುರಿನಾಮಿಗೆ ಇಂಗ್ಲಿಷರು ಬಂದಿದ್ದು ಬಾರ್ಬಡೋಸಿನಿಂದ. ಅಲ್ಲಿ 1661ರಲ್ಲಿ ಗುಲಾಮರಿಗಾಗಿ ಒಂದು ಕಾನೂನು ಮಾಡಿದ್ದರು. ಅದರ ಪ್ರಕಾರ ಯಜಮಾನರು ಗುಲಾಮರ ಗುಡಿಸಲುಗಳನ್ನು ಆಯುಧಕ್ಕೋಸ್ಕರ ಆಗಾಗ ಶೋಧಿಸಬೇಕಿತ್ತು. ಇವರು ಮನುಷ್ಯರಲ್ಲ, ಸ್ವತ್ತು ಅಂತ ಒಂದು ಕಡೆ ಬರೆದುಕೊಂಡವರು, ಆ ಸ್ವತ್ತು ರಾತ್ರಿ ಎದ್ದು ಕತ್ತಿ ಹಿಡಿಯಬಹುದು ಅಂತ ಇನ್ನೊಂದು ಕಡೆ ಬರೆದುಕೊಂಡರು. ಎತ್ತು ಸೇಡು ತೀರಿಸಿಕೊಳ್ಳುತ್ತೆ ಅಂತ ಯಾರೂ ಕೊಟ್ಟಿಗೆ ಶೋಧಿಸುವುದಿಲ್ಲ. ಅನ್ಯಾಯವಾಗಿದೆ ಅಂತ ಅರಿಯಬಲ್ಲ ಜೀವ ಅದು ಅನ್ನುವುದು ಅವರಿಗೆ ಗೊತ್ತಿತ್ತು. ಅಟ್ಲಾಂಟಿಕ್ ದಾಟಿಸಲೆಂದು ಹಡಗು ಹತ್ತಿಸಿದ ಸುಮಾರು ಒಂದೂಕಾಲು ಕೋಟಿ ಆಫ್ರಿಕನ್ನರ ವಿಷಯದಲ್ಲಿ, ಆ ಕಾಲಕ್ಕೆ ಅದು ತಪ್ಪು ಅಂತ ಜನಕ್ಕೆ ಗೊತ್ತಿರಲಿಲ್ಲ ಪಾಪ ಅಂತ ವಕಾಲತ್ತು ಹಾಕುವವರು ಇವತ್ತಿಗೂ ಇದ್ದಾರೆ. ಗೊತ್ತಿಲ್ಲದಿದ್ದರೆ ನದಿಗುಂಟ ಯಾಕೆ ಓಡಿದರು?

ನಮ್ಮ ಮನೆಯಲ್ಲೂ ಹೀಗೆ ಓಡದೆ ಕೂತ ಒಬ್ಬರಿದ್ದರು. ನಮ್ಮ ತಾತ.

ತಿಪಟೂರಿನ ಕಡೆಯ ಊರು ನಮ್ಮದು. ನಾನು ಹುಟ್ಟುವ ಮುಂಚಿನ ಮಾತು. ಮನೆಯಲ್ಲಿ ಒಬ್ಬ ಜೀತದಾಳು ಇದ್ದ. ಅವರಪ್ಪ ಮಗಳ ಮದುವೆಗೆ ತೆಗೆದುಕೊಂಡ 300 ರೂಪಾಯಿ ಸಾಲಕ್ಕೆ ಹತ್ತು ಹನ್ನೆರಡು ವಯಸ್ಸಿಗೇ ಬಂದು ಸೇರಿದವನು. 1975ರಲ್ಲಿ ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ ಜೀತ ರದ್ದು ಅಂತ ಸುದ್ದಿ ಬಂತು, 1976ರಲ್ಲಿ ಕಾಯ್ದೆಯೂ ಆಯಿತು. ಅವನು ಹೋದ. ತಾತ ಅದಾದ ಮೇಲೆ ಒಂದು ತಿಂಗಳು, ರಾಗಿ ಹುಲ್ಲಿನ ಮೆದೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಕೋಲು ಇಟ್ಟುಕೊಂಡು ಮಲಗುತ್ತಿದ್ದರಂತೆ. ಮೆದೆಗೆ ಬೆಂಕಿ ಇಡಬಹುದು ಅಂತ. ಮನೆಯಲ್ಲಿ ಇದು ತಾತನ ಕಷ್ಟದ ಕಥೆಗಳಲ್ಲಿ ಒಂದು. ಚಳಿಯಲ್ಲಿ, ಆ ವಯಸ್ಸಿನಲ್ಲಿ, ಪಾಪ. ನಾನೂ ಚಿಕ್ಕಂದಿನಿಂದ ಹಾಗೇ ಕೇಳಿಸಿಕೊಂಡು ಬಂದಿದ್ದೆ. ತಾತ ನಮ್ಮ ಒರೂನೋಕೊ. ಆಳಿನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಆಫೀಸಿನಲ್ಲಿ ನಾವು ಕಾಫಿ ಹೀರುತ್ತಾ, ನಾವೆಲ್ಲ ಏಸಿ ರೂಮಿನ ಜೀತದಾಳುಗಳು ಮಗಾ ಅಂತ ಹೇಳಿಕೊಳ್ಳುತ್ತೇವೆ. ಕೆಲಸಕ್ಕೆ ಸೇರಿದಾಗ ಎರಡು ವರ್ಷದ ಬಾಂಡ್ ಬರೆದುಕೊಟ್ಟಿದ್ದನ್ನು ನಾನೂ ಹಾಗೇ ಹೇಳಿಕೊಂಡು ತಿರುಗಿದ್ದೆ. ಈ ಪುಸ್ತಕ ಓದಿದ ಮೇಲೆ ಆ ಜೋಕು ಬಾಯಿಗೆ ಬರುತ್ತಿಲ್ಲ.

ಇನ್ನು ಸೇಡು. ದಂಗೆ ಸೋಲುತ್ತದೆ. ಡೆಪ್ಯುಟಿ ಗವರ್ನರ್ ಬಯಾಮ್ ಸೈನ್ಯ ಕಟ್ಟಿಕೊಂಡು ಬಂದಾಗ, ಕ್ಷಮೆ ಕೊಡುತ್ತೇವೆ ಅಂದ ಕೂಡಲೇ ಗುಲಾಮರು ಒಬ್ಬೊಬ್ಬರೇ ಶರಣಾಗುತ್ತಾರೆ. ಒರೂನೋಕೊನಿಗೂ ಬಯಾಮ್ ಬರವಣಿಗೆಯಲ್ಲೇ ಮಾತು ಕೊಡುತ್ತಾನೆ. ಶರಣಾದ ಮೇಲೆ ಕಂಬಕ್ಕೆ ಕಟ್ಟಿ ಮಾಂಸ ಕಿತ್ತುಬರುವಂತೆ ಹೊಡೆಸಿ, ಗಾಯಕ್ಕೆ ಮೆಣಸು ತಿಕ್ಕಿಸುತ್ತಾನೆ. (ಒರೂನೋಕೊ ಎಂಬ ರಾಜಕುಮಾರ ನಿಜವಾಗಿ ಇದ್ದ ಅನ್ನುವುದಕ್ಕೆ ದಾಖಲೆ ಸಿಕ್ಕಿಲ್ಲ. ವಿಲಿಯಂ ಬಯಾಮ್ ಮಾತ್ರ ಇತಿಹಾಸದಲ್ಲಿ ಇದ್ದವನೇ.) ಹೆಂಗಸರು ಅಲ್ಲಿರಲಿಲ್ಲ, ಓಡಿಹೋಗಿದ್ದರಲ್ಲ. ನಾನಿದ್ದಿದ್ದರೆ ತಡೆಯುತ್ತಿದ್ದೆ, ಅಷ್ಟು ಅಧಿಕಾರ ನನಗಿತ್ತು ಅಂತ ಬರೆಯುತ್ತಾಳೆ ಅಫ್ರಾ. ಇರದಂತೆ ಮಾಡಿದ್ದು ಅವಳದೇ ಭಯ.

ಹುಣ್ಣು ಮಾಯುವ ಮುಂಚೆಯೇ ಒರೂನೋಕೊ ಸೇಡಿನ ಲೆಕ್ಕ ಹಾಕುತ್ತಾನೆ. ಬಯಾಮನನ್ನು ಕೊಂದು ತಾನು ಸಾಯುವುದು. ಆದರೆ ತಾನು ಸತ್ತ ಮೇಲೆ ಇಮೋಯಿಂಡಾಳ ಗತಿ? ಈ ಜನ ಅವಳನ್ನು ಬಿಡುತ್ತಾರಾ? ಮೊದಲು ಅವಳನ್ನು ಕೊಲ್ಲಬೇಕು. ಅವಳೂ ಒಪ್ಪುತ್ತಾಳೆ, ಒಪ್ಪಿದಳು ಅಂತ ಪುಸ್ತಕ ಹೇಳುತ್ತದೆ. ಕಾಡಿಗೆ ಕರೆದುಕೊಂಡು ಹೋಗಿ, ತನ್ನ ಕೈಯಾರೆ ಕೊಲ್ಲುತ್ತಾನೆ, ಹೊಟ್ಟೆಯಲ್ಲಿ ಮಗು ಇದ್ದ ಹಾಗೆಯೇ. ಹೆಣಕ್ಕೆ ಎಲೆ ಹೂವು ಹೊದಿಸುತ್ತಾನೆ. ಇನ್ನು ಎದ್ದು ಬಯಾಮನ ಕಡೆ ಹೋಗಬೇಕು. ಹೋಗಲಾಗುವುದಿಲ್ಲ. ಪಕ್ಕದಲ್ಲಿ ಬಿದ್ದುಕೊಂಡು ದಿನಗಟ್ಟಲೆ ಅಳುತ್ತಾನೆ, ಶಕ್ತಿ ಬಸಿದುಹೋಗುತ್ತದೆ. ಹುಡುಕಿಕೊಂಡು ಬಂದವರಿಗೆ ದಾರಿ ತೋರಿಸಿದ್ದು ಹೆಣದ ವಾಸನೆ.

ಹರಿಶ್ಚಂದ್ರನೂ ಚಂದ್ರಮತಿಯ ಮೇಲೆ ಕತ್ತಿ ಎತ್ತುತ್ತಾನೆ. ಅಲ್ಲಿ ಶಿವ ಬಂದು ಕೈ ಹಿಡಿಯುತ್ತಾನೆ, ಮಗ ಏಳುತ್ತಾನೆ, ಸಿಂಹಾಸನ ವಾಪಸ್ ಬರುತ್ತದೆ. ಸುರಿನಾಮಿನ ಕಾಡಿನಲ್ಲಿ ಯಾರೂ ಬರುವುದಿಲ್ಲ.

ಇಲ್ಲಿ ನನಗೆ ಒರೂನೋಕೊನ ಮೇಲೆ ಸಿಟ್ಟು ಬಂತು, ಮರುಕದ ಜೊತೆಗೇ. ಸೇಡು ಹೊರಟಿದ್ದು ಬಯಾಮನ ಮನೆಗೆ, ಮುಟ್ಟಿದ್ದು ಹೆಂಡತಿಯ ಕುತ್ತಿಗೆಗೆ. ಮೇಲಿನವನನ್ನು ಹುಡುಕಿಕೊಂಡು ಹೊರಟ ಕತ್ತಿಗೆ ಪಕ್ಕದಲ್ಲಿರುವವರೇ ಮೊದಲು ಸಿಗುತ್ತಾರೆ. ಹೊರಗೆ ಅವಮಾನ ನುಂಗಿ ಬಂದ ಗಂಡಸು ಮನೆಯಲ್ಲಿ ಹೆಂಡತಿಗೆ ಹೊಡೆಯುವುದನ್ನು ನಮ್ಮ ಬೀದಿಯಲ್ಲೇ ನೋಡಿ ಬೆಳೆದಿದ್ದೇನೆ. ಇದು ಮರ್ಯಾದೆಯ ಪ್ರಶ್ನೆ ಅಂತ ಪುಸ್ತಕ ಗಂಭೀರವಾಗಿ ಹೇಳಿದಾಗ ತಲೆದೂಗಲು ನನಗೆ ಆಗಲಿಲ್ಲ. ಅದರಲ್ಲೂ, ಇಡೀ ಕಥೆಯಲ್ಲಿ ಬಯಾಮನಿಗೆ ನಿಜವಾಗಿ ಪೆಟ್ಟು ಕೊಟ್ಟವರು ಯಾರು ಗೊತ್ತಾ? ಇಮೋಯಿಂಡಾ. ದಂಗೆಯ ದಿನ ಆ ಬಸುರಿ ಹೆಂಗಸು ಗಂಡನ ಪಕ್ಕ ನಿಂತು ಬಿಟ್ಟ ವಿಷದ ಬಾಣ ಬಯಾಮನ ಭುಜಕ್ಕೆ ನಾಟಿತ್ತು. ಅವನ ಜೊತೆಗಿದ್ದ ಆ ನಾಡಿನ ಮೂಲನಿವಾಸಿ ಹೆಂಗಸೊಬ್ಬಳು ವಿಷ ಹೀರಿ ತೆಗೆದಿದ್ದರಿಂದ ಬದುಕಿಕೊಂಡ. ಇದಕ್ಕೆ ಅಫ್ರಾ ಬೆನ್ ಕೊಟ್ಟಿರುವುದು ಕೆಲವೇ ಸಾಲು. ಇಮೋಯಿಂಡಾ ಸಾಯುವುದಕ್ಕೆ ಪುಟಗಟ್ಟಲೆ.

ಕೊನೆಯಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಅಂಗ ಅಂಗ ಕತ್ತರಿಸುತ್ತಾರೆ. ಅವನು ಪೈಪ್ ಸೇದುತ್ತಾ ನಿಂತಿರುತ್ತಾನೆ. ಬರೆಯುವವಳು ಆಗಲೂ ಅಲ್ಲಿಲ್ಲ, ಆರೋಗ್ಯ ಸರಿಯಿಲ್ಲದೆ ಬೇರೆ ಕಡೆ ಹೋಗಿದ್ದಾಳೆ. ಅವಳ ತಾಯಿ, ತಂಗಿ ಇದ್ದರು, ಏನೂ ಮಾಡಲಾಗಲಿಲ್ಲ. ದೇಹದ ತುಂಡುಗಳನ್ನು ಬೇರೆ ಬೇರೆ ತೋಟಗಳಿಗೆ ಕಳಿಸುತ್ತಾರೆ, ಉಳಿದ ಗುಲಾಮರಿಗೆ ಬುದ್ಧಿ ಬರಲಿ ಅಂತ. ಅಂದರೆ ಭಯ ಆಗಲೂ ಹೋಗಿರಲಿಲ್ಲ.

ಅಫ್ರಾ ಬೆನ್‌ಳನ್ನು ಜರಿಯುವುದು ಸುಲಭ. ಅವಳು ನಿಷ್ಠೆಯಿಂದ ಪಕ್ಷ ವಹಿಸಿದ ಎರಡನೇ ಜೇಮ್ಸ್, ರಾಜನಾಗುವ ಮುಂಚೆ ರಾಯಲ್ ಆಫ್ರಿಕನ್ ಕಂಪನಿಯ ಮುಖ್ಯಸ್ಥನಾಗಿದ್ದವನು. ಗುಲಾಮರ ವ್ಯಾಪಾರಕ್ಕೆ 1672ರಲ್ಲಿ ಸನ್ನದು ಪಡೆದ ಕಂಪನಿ ಅದು. ಪುಸ್ತಕ ಬಂದ ವರ್ಷದ ಡಿಸೆಂಬರಿನಲ್ಲೇ ಜೇಮ್ಸ್ ದೇಶ ಬಿಟ್ಟು ಓಡಿದ, ಮರುವರ್ಷ ಅವಳೂ ತೀರಿಕೊಂಡಳು. ಅವಳಿಗೆ ದುಃಖವಿದ್ದದ್ದು ರಾಜರಿಗೆ ಮೋಸವಾಗುವುದರ ಬಗ್ಗೆ ಇರಬಹುದು. 1695ರಲ್ಲಿ ಥಾಮಸ್ ಸದರ್ನ್ ಇದನ್ನು ನಾಟಕ ಮಾಡಿದಾಗ ಇಮೋಯಿಂಡಾಳನ್ನು ಬಿಳಿಯಳನ್ನಾಗಿ ಮಾಡಿದ, ಲಂಡನ್ನಿನ ಪ್ರೇಕ್ಷಕರು ಅಳಲು ಅನುಕೂಲವಾಗಲಿ ಅಂತಲೋ ಏನೋ. ಅದರ ಪಕ್ಕ ಇಟ್ಟರೆ ಅಫ್ರಾ ಎಷ್ಟೋ ವಾಸಿ. ತಾನು ಕಣ್ಣಿಟ್ಟಿದ್ದೆ, ಹೆದರಿದೆ, ಓಡಿದೆ, ಬೇಕಾದ ಹೊತ್ತಿಗೆ ಇರಲಿಲ್ಲ ಅಂತ ಬರೆದಿಟ್ಟಳು. ಅಳಿಸಿಹಾಕಬಹುದಿತ್ತು. ನಮ್ಮ ಮನೆಯಲ್ಲಿ ಅಷ್ಟನ್ನೂ ಯಾರೂ ಬರೆದಿಡಲಿಲ್ಲ.

ಹೋದ ಯುಗಾದಿಗೆ ಊರಿಗೆ ಹೋದಾಗ ಜಗಲಿ ಮೇಲೆ ಅಜ್ಜಿಯ ಪಕ್ಕ ಕೂತು ಕೇಳಿದೆ. ಎಂಬತ್ತೈದು ದಾಟಿದ್ದಾರೆ, ಕಿವಿ ಮಂದ, ನೆನಪು ಚುರುಕು.

“ಮನೆ ಮಗನ್ ತರ ಇಟ್ಕಂಡಿದ್ವಿ ಕಣಪ್ಪ. ನಾವುಂಡಿದ್ದನ್ನೇ ಅವ್ನೂ ಉಣ್ತಿದ್ದ.”

“ಎಲ್ಲಿ ಉಣ್ತಿದ್ದ ಅಜ್ಜಿ?”

“ಕೊಟ್ಟಿಗೇಲಿ. ಅವ್ನ್ ತಟ್ಟೆ ಸೂರಲ್ಲಿ ಸಿಗಿಸಿರ್ತಿದ್ದ.”

ಜಾತಿ ಯಾವುದು ಅಂತ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಹೆಸರು ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು. ಇಲ್ಲಿ ಬರೆಯುವುದಿಲ್ಲ, ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ.

“ಮನೆ ಮಗ ಅಂದ್ಮೇಲೆ ತಾತ ಮೆದೆ ಯಾಕಜ್ಜಿ ಕಾಯ್ತಿದ್ರು?”

ಅಜ್ಜಿ ನನ್ನನ್ನೇ ನೋಡಿದರು. ಕೇಳಿಸಿತೋ ಇಲ್ಲವೋ ಅಂತ ಇನ್ನೊಂದು ಸಲ ಕೇಳೋಣ ಅಂದುಕೊಂಡೆ.

“ಭಯ ಇರಲ್ವೇನಪ್ಪ,” ಅಂದರು. ಎಲೆಯಡಿಕೆ ಚೀಲ ಬಿಚ್ಚಿದರು, ಮತ್ತೆ ಕಟ್ಟಿದರು.

“ಅವ್ನು ಮತ್ತೆ ಬರ್ಲೇ ಇಲ್ವಾ?”

“ಬಂದಿದ್ದ ಒಂದ್ಸಲ. ನಿಮ್ ತಾತ ಮೆದೆ ತಾವ್ಲೇ ನಿಂತಿದ್ರು, ಕೋಲ್ ಹಿಡ್ಕಂಡು. ಕಂಬಳಿ ಬಿಟ್ಟೋಗಿದ್ನಂತೆ ಕೊಟ್ಟಿಗೇಲಿ. ನಾನೇ ತಂದ್ಕೊಟ್ಟೆ. ಇಸ್ಕಂಡ, ಕೊಡವಿದ, ಹೆಗಲ್ ಮೇಲ್ ಹಾಕ್ಕಂಡ್ ಹೋದ.”